ಅಫಿಡವಿಟ್ಟಿನಲ್ಲಿ ಗಂಡನ ಹೆಸರು

ಆಂಧ್ರದ ಕಲ್ಯಾಣದುರ್ಗದಲ್ಲಿ, ಕನ್ನಡ ಮಾತಾಡುವ ನೇಕಾರರ ಬೀದಿಯ ತುದಿಯಲ್ಲಿ ಆ ಕುಲದವರೇ ಚಂದಾ ಎತ್ತಿ ಕಟ್ಟಿಸಿದ ಕಲ್ಯಾಣ ಮಂಟಪವೊಂದಿದೆ. ಆ ಬೆಳಿಗ್ಗೆ ಅದರ ಊಟದ ಹಾಲಿನಲ್ಲಿ ನಾವು ಕೂತಿದ್ದೆವು. ಎಲೆ ಹಾಕುವ ಉದ್ದ ಮೇಜಿನ ಒಂದು ತುದಿಗೆ ವಕೀಲೆಯಾದ ನಾನು, ನನ್ನ ಲ್ಯಾಪ್‌ಟಾಪು, ಹಿಂದೂಪುರದಿಂದ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದ ಪ್ರಿಂಟರು. ಪಕ್ಕದಲ್ಲಿ ನೋಟರಿ, ಅವರ ಮುಂದೆ ಸೀಲು, ಇಂಕು ಪ್ಯಾಡು. ಎದುರಿಗೆ ನಮ್ಮ ಅರ್ಜಿದಾರರಾದ ನಿವೃತ್ತ ಪೋಸ್ಟ್‌ಮಾಸ್ಟರು. ಗೋಡೆಯುದ್ದಕ್ಕೂ ಚಾಪೆಯ ಮೇಲೆ ಬೀದಿಯ ಹೆಂಗಸರು, ಪಾಸ್‌ಬುಕ್ಕನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದವರು. ಅವರೆಲ್ಲರ ಮುಂದೆ, ಮದುವೆಗೆ ಬಂದ ಹಿರಿಯಳಂತೆ ಕಾಲು ಚಾಚಿ ಕೂತಿದ್ದವರು ಅವ್ವ. ನಮ್ಮ ಕಡೆ ಅಜ್ಜಿಯ ವಯಸ್ಸಿನವರನ್ನು ಹಾಗೇ ಕರೆಯುವುದು. ಬೀದಿಗೆಲ್ಲ ಅವರು ಅವ್ವ. ನನಗೂ ಅವ್ವ.

ಕೇಸು ಇಷ್ಟು. ನೇಕಾರರು ಸೇರಿ ಕಟ್ಟಿದ ಒಂದು ಸಹಕಾರಿ ಬ್ಯಾಂಕು. ಹೆಡ್ಡಾಫೀಸು ಹಿಂದೂಪುರದಲ್ಲಿ, ಒಂದು ಶಾಖೆ ಕಲ್ಯಾಣದುರ್ಗದಲ್ಲಿ. ಆಡಳಿತ ಮಂಡಳಿಯವರು ತಮ್ಮ ನೆಂಟರಿಷ್ಟರ ವ್ಯಾಪಾರಗಳಿಗೆ ಸರಿಯಾದ ಅಡಮಾನವಿಲ್ಲದೆ ಸಾಲ ಕೊಟ್ಟರು, ಸರ್ವ ಸದಸ್ಯರ ಸಭೆಯನ್ನು ಕಾಗದದ ಮೇಲೆ ಮಾತ್ರ ನಡೆಸಿದರು, ಚುನಾವಣೆಯನ್ನು ಮುಂದಕ್ಕೆ ತಳ್ಳುತ್ತಲೇ ಬಂದರು ಎಂಬುದು ಆರೋಪ. ಬ್ಯಾಂಕಿನ ಕೈ ಬಿಗಿಯಾಗಿ, ಠೇವಣಿ ಇಟ್ಟವರಿಗೆ ಹಣ ತೆಗೆಯಲು ಮಿತಿ ಬಿತ್ತು. ಸಹಕಾರ ಇಲಾಖೆಗೆ ಕೊಟ್ಟ ದೂರುಗಳಿಗೆ 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಉತ್ತರ. ಕೊನೆಗೆ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕುವುದೆಂದು ತೀರ್ಮಾನವಾಯಿತು.

ಅಂಥ ಅರ್ಜಿ ಹಾಕುವವರಿಗೆ ಆ ವಿಷಯದಲ್ಲಿ ಸ್ವಂತ ಲಾಭ ಇರಬಾರದು. ಬೀದಿಯಲ್ಲಿ ಎಲ್ಲರ ದುಡ್ಡೂ ಅಲ್ಲೇ ಇತ್ತು, ಪೋಸ್ಟ್‌ಮಾಸ್ಟರದ್ದನ್ನು ಬಿಟ್ಟು. "ನಂದೆಲ್ಲ ಪೋಸ್ಟಾಫೀಸಲ್ಲೇ ಐತೆ ಕಣಮ್ಮ. ಜೀವನಪೂರ್ತಿ ಇವ್ರಿಗೆಲ್ಲ ಅದೇ ಹೇಳ್ದೆ, ಒಬ್ರೂ ಕೇಳ್ಲಿಲ್ಲ. ಈಗ ಅದೇ ನನ್ನ ಕ್ವಾಲಿಫಿಕೇಷನ್ನು" ಎಂದು ಅವರು ಎದೆ ಮುಂದೆ ಮಾಡಿದ್ದರು.

ಆದರೆ ಕಷ್ಟ ಪಡುತ್ತಿರುವವರ ಮಾತು ಕೋರ್ಟಿಗೆ ಮುಟ್ಟಬೇಕಲ್ಲ? ಅದಕ್ಕೆ ಅರ್ಜಿಯ ಜೊತೆಗೆ ಠೇವಣಿದಾರರ ಅಫಿಡವಿಟ್ಟುಗಳನ್ನು ಲಗತ್ತಿಸಬೇಕೆಂದು ವಿಜಯವಾಡದಲ್ಲಿರುವ ನಮ್ಮ ಸೀನಿಯರ್ ವಕೀಲರು ಹೇಳಿದ್ದರು. ಆ ಬೆಳಿಗ್ಗೆ ನಾವು ಮಾಡುತ್ತಿದ್ದ ಕೆಲಸ ಅದೇ. ಹೆಂಗಸರು ಕನ್ನಡದಲ್ಲಿ ಹೇಳುತ್ತಿದ್ದರು, ನಾನು ಇಂಗ್ಲಿಷಿನಲ್ಲಿ ಟೈಪು ಮಾಡಿ, ತಿರುಗಿ ಕನ್ನಡದಲ್ಲಿ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸುತ್ತಿದ್ದೆ. ಅವ್ವನ ಸರದಿ ಮೊದಲು ಬಂತು.

"ಹೆಸರು ಆಯ್ತು, ವಯಸ್ಸು ಆಯ್ತು. ಗಂಡನ ಹೆಸರು ಹೇಳವ್ವ."

ಅವ್ವ ನನ್ನ ಕಡೆ ನೋಡಲೇ ಇಲ್ಲ. ಪಕ್ಕದಲ್ಲಿದ್ದವರ ತೊಡೆಗೆ ಮೊಣಕೈಯಿಂದ ತಿವಿದರು. "ಹೇಳೇ."

"ಅಯ್ಯೋ, ನಾನೆಂಗೆ ಹೇಳ್ಲಿ? ನಂಗೆ ಭಾವ ಆಗ್ಬೇಕು!" ಆಕೆ ಅವ್ವನ ವಾರಗಿತ್ತಿ. ಗಂಡನ ಹೆಸರು ಹೇಗೋ, ಗಂಡನ ಅಣ್ಣನ ಹೆಸರೂ ಹಾಗೇ, ಬಾಯಲ್ಲಿ ಬರಬಾರದು. ತಿವಿತ ಚಾಪೆಯುದ್ದಕ್ಕೂ ಸಾಗಿ, ಆ ಮನೆತನಕ್ಕೆ ಏನೂ ಆಗಬೇಕಿಲ್ಲದ ಹೆಂಗಸೊಬ್ಬಳ ಹತ್ತಿರ ನಿಂತಿತು.

"ಕದಿರಪ್ಪ ಅಂತ ಹಾಕ್ಕೊಳಮ್ಮ" ಎಂದಳು ಆಕೆ.

"ಸರೀನಾ ಅವ್ವ?"

"ಬೀದಿಗೆಲ್ಲ ಅದೇ. ಹಂಗೆ ಕರುದ್ರೆ ಓ ಅಂತಾರೆ" ಎಂದು ಅವ್ವ ತಲೆ ಆಡಿಸಿದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು. "ನೀನು ನಿನ್ನ ಗಂಡನ್ನ ಹೆಸ್ರು ಹಿಡ್ದು ಕರೀತೀಯೇನಮ್ಮ?"

"ಹೂಂ ಅವ್ವ, ದಿನಾ ಕರೀತೀನಿ."

"ಬತ್ತಾನಾ?"

"ಒಂದೊಂದ್ಸಲ."

"ನೋಡು ಮತ್ತೆ! ನಾನು ಕೆಮ್ಮಿದ್ರೆ ಸಾಕು, ಅವ್ರು ಎದ್ದು ಬತ್ತಾರೆ." ಹಾಲೆಲ್ಲ ನಗು. ನೋಟರಿಯವರು ಸೀಲನ್ನು ತಪ್ಪಿ ಮೇಜಿನ ಮೇಲೆ ಒತ್ತಿದರು. ಆಧಾರ್ ಕಾರ್ಡಿನಲ್ಲೂ ಗಂಡನ ಹೆಸರು ಕದಿರಪ್ಪ ಎಂದೇ ಇತ್ತು. ಪಾಸ್‌ಬುಕ್ಕಿನಲ್ಲಿ ಅವ್ವನ ಹೆಸರು, ಖಾತೆಯ ನಂಬರು ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಮುಂದಿನವರನ್ನು ಕರೆದೆ.

ಅರ್ಜಿ ದಾಖಲಾಯಿತು, ನೋಟಿಸು ಹೊರಟಿತು. ಬ್ಯಾಂಕಿನವರ ಪ್ರತಿ ಅಫಿಡವಿಟ್ಟು ಬಂದಾಗ ನಾನು ಹಿಂದೂಪುರದ ಕೋರ್ಟಿನ ಮುಂದಿನ ಜೆರಾಕ್ಸ್ ಅಂಗಡಿಯಲ್ಲಿ ನಿಂತೇ ಓದಿದೆ. ಸಾಲಗಳ ಬಗ್ಗೆ, ಸಭೆಯ ಬಗ್ಗೆ ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಇದ್ದದ್ದೆಲ್ಲ ಒಂದೇ ವಾದ. ಈ ಅಫಿಡವಿಟ್ಟುಗಳು ನಕಲಿ. ಉದಾಹರಣೆಗೆ ಮೊದಲನೆಯದೇ. ಖಾತೆ ತೆರೆದ ಅರ್ಜಿಯಲ್ಲಿ ಗಂಡನ ಹೆಸರೂ ನಾಮಿನಿಯ ಹೆಸರೂ ನರಸಿಂಹಪ್ಪ. ಹೆಬ್ಬೆಟ್ಟು ಒತ್ತಿದ ಹೆಂಗಸು ಕದಿರಪ್ಪ ಎಂಬುವರ ಹೆಂಡತಿ. ಅಂದರೆ ಈಕೆ ಖಾತೆದಾರಳಲ್ಲ, ಯಾರೋ ಕರೆತಂದು ಕೂರಿಸಿದವಳು. ಸುಳ್ಳು ಸಾಕ್ಷಿ ಹುಟ್ಟಿಸಿದ ಅರ್ಜಿಯನ್ನು ದಂಡ ಹಾಕಿ ವಜಾ ಮಾಡಬೇಕು.

ಹಿತಾಸಕ್ತಿ ಅರ್ಜಿಯಲ್ಲಿ ಕೋರ್ಟು ಮೊದಲು ನೋಡುವುದು ಅರ್ಜಿದಾರರ ಕೈ ಶುದ್ಧವಾಗಿದೆಯೇ ಎಂದು. ಆ ಒಂದು ಅನುಮಾನ ಗಟ್ಟಿಯಾದರೆ ಉಳಿದದ್ದನ್ನು ಯಾರೂ ಕೇಳುವುದಿಲ್ಲ. ಬೀದಿಯ ದುಡ್ಡೆಲ್ಲ ಇದ್ದಲ್ಲೇ ಇರುತ್ತದೆ.

ಮಾರನೆಯ ದಿನವೇ ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಅವ್ವನ ಮನೆಯಲ್ಲಿ ಮಗ್ಗದ ಗುಂಡಿಯ ಮೇಲೆ ಹಲಗೆ ಮುಚ್ಚಿ ಮಂಚ ಹಾಕಿದ್ದರು. ಅದರ ಮೇಲೆ ತಾತ, ಅಂದರೆ ಅವ್ವನ ಯಜಮಾನರು, ದಿಂಬಿಗೆ ಒರಗಿ ಕೂತಿದ್ದರು. ಹೋದ ವರ್ಷ ಎದೆನೋವಾಗಿ ಅನಂತಪುರದ ಆಸ್ಪತ್ರೆಯಲ್ಲಿದ್ದು ಬಂದವರು. ಇನ್ನೊಂದು ಚಿಕಿತ್ಸೆ ಬಾಕಿ ಇತ್ತು. ಅವ್ವನ ಠೇವಣಿ ಅದಕ್ಕೇ. ಕಿವಿಯೂ ಮಂದವಾಗಿತ್ತು. ನಾನು ಜೋರಾಗಿ ಕೇಳಿದೆ. "ತಾತ, ನಿಮ್ಮ ನಿಜವಾದ ಹೆಸರೇನು?"

"ನರಸಿಂಹಪ್ಪ."

"ಮತ್ತೆ ಕದಿರಪ್ಪ?"

ತಾತ ನಕ್ಕರು. "ಅದೊಂದು ಕತೆ ಕಣಮ್ಮ. ನಮ್ಮ ತಾತನ ಹೆಸ್ರು ನಂಗಿಟ್ರು. ನಮ್ಮಮ್ಮಂಗೆ ಅದು ಮಾವನ ಹೆಸ್ರು. ಮಾವನ ಹೆಸ್ರು ಬಾಯಲ್ಲಿ ಹೆಂಗಂತಾಳೆ? ತೊಟ್ಲಾಗಿರೋ ಮಗೀನ ಕರೀಬೇಕಲ್ಲ, ಕದಿರಿ ಸ್ವಾಮಿ ಕೊಟ್ಟ ಕೂಸು ಅಂತ ಕದಿರಪ್ಪ ಅಂದ್ಲು. ಬೀದಿಗೆಲ್ಲ ಅದೇ ಆಗ್ಬುಡ್ತು. ಇಸ್ಕೂಲಲ್ಲಿ ಮೇಷ್ಟ್ರು ಹಾಜ್ರಿ ಕರೆಯೋವಾಗ ನರಸಿಂಹಪ್ಪ ಅನ್ನೋರು, ನಾನು ಹಿಂದಕ್ಕೆ ತಿರುಗಿ ಯಾರಪ್ಪಾ ಅದು ಅಂತ ನೋಡ್ತಿದ್ದೆ."

"ಬ್ಯಾಂಕಿನಲ್ಲಿ?"

"ಖಾತೆ ಮಾಡ್ಸಿದ್ದು ನಾನೇ ಕರ್ಕಂಡೋಗಿ. ಗವರ್ಮೆಂಟು ಹೆಸ್ರೇ ಹೇಳ್ದೆ. ಆಧಾರು ಮಾಡ್ಸೋವಾಗ ಇವ್ಳು ಹೆಂಗಸ್ರ ಜತೆ ಹೋಗಿದ್ಲು, ಅವ್ರು ಬೀದಿ ಹೆಸ್ರೇ ಬರ್ಸವ್ರೆ."

ನಾನು ಕಾಗದದಲ್ಲಿದ್ದದ್ದನ್ನು ಮೆಲ್ಲಗೆ ಹೇಳಬೇಕೆಂದುಕೊಂಡಿದ್ದೆ. ಬೇಕಾಗಲಿಲ್ಲ. ಸುದ್ದಿ ನನಗಿಂತ ಮೊದಲೇ ಬೀದಿಗೆ ಬಂದಿತ್ತು. ಬ್ಯಾಂಕಿನ ಕಡೆಯವರೊಬ್ಬರು ಟೀ ಅಂಗಡಿಯಲ್ಲಿ, 'ಆ ಮುದುಕಿ ಯಾರ ಹೆಂಡ್ತಿ ಅಂತ ಹೈಕೋರ್ಟಲ್ಲಿ ತೀರ್ಮಾನ ಆಗ್ಲಿ' ಎಂದು ನಕ್ಕಿದ್ದರಂತೆ.

ಅವ್ವ ಒಲೆಯ ಮುಂದಿನಿಂದ ಎದ್ದು ಬಂದರು. ಕೈಯಲ್ಲಿ ಸೌಟು ಹಾಗೇ ಇತ್ತು. "ನಾನು ಇವ್ರ ಹೆಂಡ್ತಿ ಅಲ್ಲ ಅಂತ ಬರ್ದವ್ರಂತಲ್ಲಮ್ಮ. ನಮ್ಮ ಮದ್ವೇಲಿ ಅಕ್ಷತೆ ಹಾಕ್ದೋರ ಮಕ್ಳೇ ಆ ಬ್ಯಾಂಕಲ್ಲಿ ಕುಂತವ್ರೆ. ಅವ್ರ ಮದ್ವೇಲಿ ಪಾಯಸ ಬಡಿಸ್ದೋಳು ನಾನೇ. ಬರೆಯೋವಾಗ ಅವ್ರ ಕೈ ನಡುಗ್ಲಿಲ್ವಾ?" ಅವರ ಕಣ್ಣಲ್ಲಿ ನೀರಿರಲಿಲ್ಲ. ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ತಾತ ಅದನ್ನೇ ನೋಡುತ್ತಾ, "ಸಾರು ಚೆಲ್ತೈತೆ" ಎಂದರು.

ಸೀನಿಯರ್‌ಗೆ ಫೋನು ಮಾಡಿದೆ. ಅವರು ದಾರಿ ಹುಡುಕುವುದರಲ್ಲಿ ಚುರುಕು. ಎರಡು ದಾರಿ ಹೇಳಿದರು. ಹೆಂಗಸರ ಅಫಿಡವಿಟ್ಟುಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡು ಪೋಸ್ಟ್‌ಮಾಸ್ಟರ ಮಾತಿನ ಮೇಲೇ ನಿಲ್ಲುವುದು ಒಂದು. 'ಟೈಪಿಂಗ್ ತಪ್ಪಿನಿಂದ ಹೆಸರು ಬದಲಾಗಿದೆ' ಎಂದು ಒಂದು ಸಾಲಿನ ತಿದ್ದುಪಡಿ ಹಾಕುವುದು ಇನ್ನೊಂದು. "ಒಂದು ಲೈನಮ್ಮ, ಅಂತೇ, ಅಷ್ಟೇ" ಎಂದರು.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಆ ಒಂದು ಸಾಲನ್ನು ಮನಸ್ಸಿನಲ್ಲೇ ಬರೆದು ನೋಡಿದೆ. ಟೈಪಿಂಗ್ ತಪ್ಪಾದರೆ ಆಧಾರ್ ಕಾರ್ಡಿನಲ್ಲೂ ಅದೇ ತಪ್ಪು ಹೇಗೆ ಬಂತು ಎಂದು ಎದುರು ವಕೀಲರು ಕೇಳದೆ ಬಿಡುವುದಿಲ್ಲ. ಅದೊಂದು ಲೆಕ್ಕಾಚಾರ. ಇನ್ನೊಂದು ಏನೆಂದರೆ, ಅದು ತಪ್ಪೇ ಅಲ್ಲ. ಒಬ್ಬ ಸೊಸೆ ತನ್ನ ಮಾವನಿಗೆ ಕೊಟ್ಟ ಮರ್ಯಾದೆ ಮಗನ ಹೆಸರಾಗಿತ್ತು. ಒಬ್ಬ ಹೆಂಡತಿ ಗಂಡನಿಗೆ ಕೊಟ್ಟ ಮರ್ಯಾದೆಯಿಂದ ಆ ಹೆಸರು ಹಾಗೇ ಕಾಗದಕ್ಕೆ ಹೋಗಿತ್ತು. ಅದನ್ನು ನನ್ನ ಬೆರಳಿನ ತಪ್ಪು ಎಂದು ಬರೆದರೆ ಅವ್ವನ ಸತ್ಯಕ್ಕೆ ನಾನೇ ಸುಳ್ಳಿನ ತೇಪೆ ಹಾಕಿದಂತೆ. ಸೀನಿಯರ್‌ಗೆ ತಿರುಗಿ ಫೋನು ಮಾಡಿ, "ಇದ್ದದ್ದು ಇದ್ದ ಹಾಗೇ ಬರೀತೀನಿ ಸಾರ್" ಎಂದೆ. ಅವರು "ಜಡ್ಜಿಗೆ ಅತ್ತೆ ಸೊಸೆ ಕತೆ ಹೇಳ್ತೀರಾ? ಸರಿ, ಬರೀರಿ. ಚೂದ್ದಾಂ, ನೋಡೋಣ" ಎಂದರು.

ಬರೆಯಲು ಕೂತಾಗ ಗೊತ್ತಾಯಿತು, ಅದೆಷ್ಟು ಕಷ್ಟವೆಂದು. ಭಾವ, ಮಾವ, ವಾರಗಿತ್ತಿ ಎಂದು ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದೊಂದು ಜಾಗವಿದೆ. ಇಂಗ್ಲಿಷಿನಲ್ಲಿ ಎಲ್ಲರೂ 'ಇನ್ ಲಾ' ಎಂಬ ಒಂದೇ ಚಾವಡಿಯಲ್ಲಿ ಕೂತಿರುತ್ತಾರೆ. ಯಾರು ಯಾರ ಹೆಸರನ್ನು ಹೇಳುವುದಿಲ್ಲ, ಏಕೆ ಹೇಳುವುದಿಲ್ಲ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದೆ. ನನ್ನ ಅಜ್ಜಿ ಬದುಕಿದ್ದಿದ್ದರೆ ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದಳು. ತಾತನ ಶಾಲೆಯ ದಾಖಲೆ ಸಿಕ್ಕಲಿಲ್ಲ. ಬೀದಿಯ ಹಿರಿಯರ ಹೇಳಿಕೆ, ತಾತನ ರೇಷನ್ ಕಾರ್ಡು ಲಗತ್ತಿಸಿದೆ.

ಹೈಕೋರ್ಟಿನಲ್ಲಿ ಬ್ಯಾಂಕಿನ ವಕೀಲರು ಇದನ್ನು ಕಟ್ಟುಕತೆ ಎಂದರು. ಪೀಠ ಅವರ ಮಾತನ್ನೂ ತಳ್ಳಲಿಲ್ಲ, ನಮ್ಮದನ್ನೂ ತಳ್ಳಲಿಲ್ಲ. ಕಲ್ಯಾಣದುರ್ಗದ ನ್ಯಾಯಾಧಿಕಾರಿಗಳು ಆಕೆಯನ್ನು ಕರೆಸಿ, ಗುರುತು ಖಚಿತಪಡಿಸಿಕೊಂಡು ವರದಿ ಕಳಿಸಬೇಕೆಂದು ಆದೇಶಿಸಿತು. ಗಂಡನ ಹೆಸರನ್ನು ಆಕೆಯೇ ಹೇಳಬೇಕು, ಯಾರೂ ಹೇಳಿಕೊಡಬಾರದು ಎಂದು ಬ್ಯಾಂಕಿನ ವಕೀಲರು ಬೇಡಿದರು. ಅದನ್ನೂ ಒಪ್ಪಿತು.

ಈ ಸುದ್ದಿ ಹೇಳಲು ನಾನೂ ಪೋಸ್ಟ್‌ಮಾಸ್ಟರೂ ಹೋದೆವು. ಅವ್ವ ಕೇಳಿಸಿಕೊಂಡು ಬಾಗಿಲ ಬಳಿ ಕುಸಿದು ಕೂತರು.

"ಬೇರೆ ಏನಾದ್ರೂ ಕೇಳು ಅನ್ನಮ್ಮ ಜಡ್ಜಮ್ಮನ್ನ. ನಾನು ಮಗ್ಗದ ಮೇಲೆ ಕುಂತು ತೋರಿಸ್ತೀನಿ. ಅವ್ರ ಮೈಮೇಲೆ ಎಲ್ಲೆಲ್ಲಿ ಮಚ್ಚೆ ಐತೆ ಅಂತ ಬೇಕಾದ್ರೂ ಹೇಳ್ತೀನಿ."

"ಅದು ಬ್ಯಾಂಕಿನ ಅರ್ಜೀಲಿ ಇಲ್ಲವ್ವ" ಎಂದರು ಪೋಸ್ಟ್‌ಮಾಸ್ಟರು.

ಯಾರೂ ನಗಲಿಲ್ಲ. ಅವ್ವ ದನಿ ತಗ್ಗಿಸಿ ನನಗೆ ಮಾತ್ರ ಕೇಳುವಂತೆ ಹೇಳಿದರು. "ಗಂಡನ ಹೆಸ್ರು ಬಾಯಲ್ಲಿ ಅಂದ್ರೆ ಅವ್ರ ಆಯುಸ್ಸು ಕಮ್ಮಿ ಆಯ್ತದೆ ಅಂತ ನಮ್ಮತ್ತೆ ಹೇಳವ್ಳೆ. ನೀನು ಓದ್ದೋಳು, ನಗ್ತೀಯ. ಅವ್ರಿಗೆ ಎದೆ ಸರಿ ಇದ್ದಿದ್ರೆ ನಾನೂ ನಗ್ತಿದ್ನೇನೋ. ಈ ದುಡ್ಡು ಅವ್ರ ಎದೆಗೇ ಬೇಕು. ದುಡ್ಡು ಬರ್ಬೇಕು ಅಂದ್ರೆ ಅವ್ರ ಆಯುಸ್ಸನ್ನೇ ಕೊಡು ಅಂತೈತೆ ಕೋರ್ಟು. ಯಾವ ಕಡಿಂದ ನೋಡಿದ್ರೂ ಹೋಗೋದು ಅವ್ರೇ ಅಲ್ವೇನಮ್ಮ?"

ನನಗೆ ನಗು ಬರಲಿಲ್ಲ. ನನ್ನ ಅಜ್ಜಿಯೂ ಸಾಯುವವರೆಗೆ ನನ್ನ ತಾತನ ಹೆಸರು ಹೇಳಿದವಳಲ್ಲ. ನಾನು ಹೇಳಿದೆ. "ಅವ್ವ, ನೀನು ಬರದಿದ್ರೂ ಅರ್ಜಿ ನಿಂತಿರುತ್ತೆ. ಕಷ್ಟ ಆಗುತ್ತೆ, ಆದ್ರೂ ನಾವು ವಾದ ಮಾಡ್ತೀವಿ. ನಿನ್ನ ಮನಸ್ಸಿಗೆ ಬಾರದ್ದನ್ನ ಮಾಡ್ಬೇಡ." ಪೋಸ್ಟ್‌ಮಾಸ್ಟರು ಬೀದಿಗೆ ಬಂದ ಮೇಲೆ, "ಅದೇನು ಹಂಗಂದ್ಬುಟ್ಟೆ ತಾಯಿ!" ಎಂದು ತಲೆಗೆ ಕೈ ಹಚ್ಚಿಕೊಂಡರು. ನಾನು ಹೇಳಿದ್ದು ವಕೀಲೆಯ ಮಾತಾಗಿರಲಿಲ್ಲ, ಅದು ನನಗೂ ಗೊತ್ತಿತ್ತು. ಆದರೂ ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ.

ಹಾಜರಾಗಬೇಕಾದ ದಿನ ನಾನು ಕಲ್ಯಾಣದುರ್ಗದ ಕೋರ್ಟಿನ ಬೇವಿನ ಮರದ ಕೆಳಗೆ ಕಾಯುತ್ತಿದ್ದೆ. ಆಟೋ ಒಂದು ಬಂದು ನಿಂತಿತು. ಮೊದಲು ವಾರಗಿತ್ತಿ ಇಳಿದರು, ಆಮೇಲೆ ಅವ್ವ, ಇಬ್ಬರೂ ಸೇರಿ ತಾತನನ್ನು ಇಳಿಸಿದರು. ತಾತನ ತೋಳಿಗೆ ಹೊಸ ಅರಿಶಿನದ ದಾರ, ಹಣೆಯಲ್ಲಿ ನಾಮ. ಅವ್ವ ನಸುಕಿನಲ್ಲೇ ಎದ್ದು ತಲೆಗೆ ನೀರು ಹಾಕಿಕೊಂಡು, ಗಂಡನಿಗೆ ಮೊಸರು ಸಕ್ಕರೆ ತಿನ್ನಿಸಿ, ಕದಿರಿಯ ದೇವರಿಗೆ ಹರಕೆ ಕಟ್ಟಿ ಬಂದಿದ್ದರಂತೆ.

"ನಂಗೆ ಹೆಣ್ಣು ನೋಡೋಕೆ ಹೋಗೋವಾಗ್ಲೂ ಇಷ್ಟು ಸಿಂಗಾರ ಮಾಡಿರ್ಲಿಲ್ಲ ಕಣಮ್ಮ" ಎಂದರು ತಾತ.

"ಬಾಯ್ಮುಚ್ಕಂಡು ನಡೀರಿ" ಎಂದರು ಅವ್ವ.

ನ್ಯಾಯಾಧಿಕಾರಿ ಹೆಣ್ಣುಮಗಳು, ಚಿಕ್ಕ ವಯಸ್ಸಿನವರು. ತಾತನಿಗೆ ಕೂರಲು ಕುರ್ಚಿ ಹಾಕಿಸಿದರು. ಬ್ಯಾಂಕಿನ ಸ್ಥಳೀಯ ವಕೀಲರು ಎದ್ದು, ಗಂಡನೆಂದು ಹೇಳಿಕೊಳ್ಳುವವರು ಮಾತಾಡಬಾರದು, ಸನ್ನೆ ಮಾಡಬಾರದು ಎಂದರು. ತಾತನನ್ನು ಕುರ್ಚಿ ಸಮೇತ ಗೋಡೆಯ ಕಡೆ ತಿರುಗಿಸಿದ್ದಾಯಿತು. ಅವ್ವ ಪ್ರಮಾಣ ಮಾಡಿದರು. ಊರು, ಕಸುಬು, ಖಾತೆ ಯಾವಾಗ ತೆರೆದದ್ದು, ಎಲ್ಲಕ್ಕೂ ಪಟಪಟನೆ ಉತ್ತರ ಕೊಟ್ಟರು.

"ಮೀ ಭರ್ತ ಪೇರು ಚೆಪ್ಪಂಡಿ" ಎಂದು ನ್ಯಾಯಾಧಿಕಾರಿ ತೆಲುಗಿನಲ್ಲಿ ಗಂಡನ ಹೆಸರು ಕೇಳಿದರು.

ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ತುಟಿ ಅಲುಗಿತು, ಸದ್ದು ಬರಲಿಲ್ಲ. ಬ್ಯಾಂಕಿನ ವಕೀಲರು ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡುತ್ತಿದ್ದರು. ನ್ಯಾಯಾಧಿಕಾರಿ ಅವಸರ ಮಾಡಲಿಲ್ಲ. ನೀರು ಬೇಕೇ ಎಂದು ಕೇಳಿಸಿದರು. ಅವ್ವ ಬೇಡವೆಂದು ತಲೆಯಾಡಿಸಿ, ಕಟಕಟೆಯ ಮರವನ್ನು ಎರಡೂ ಕೈಯಿಂದ ಹಿಡಿದು, ಗಂಡನ ಬೆನ್ನನ್ನೇ ನೋಡುತ್ತಾ, ಮಲಗಿರುವ ಮಗು ಎಚ್ಚರವಾದೀತೆಂಬ ಹಾಗೆ, ಹೇಳಿದರು.

"ನರಸಿಂಹಪ್ಪ."

ಟೈಪು ಮಾಡುತ್ತಿದ್ದ ಗುಮಾಸ್ತರು ತಲೆಯೆತ್ತಿ, "ಕೇಳಿಸ್ಲಿಲ್ಲಮ್ಮ, ಗಟ್ಟಿಗಾ" ಎಂದರು.

ಗೋಡೆಯ ಕಡೆ ಮುಖ ಮಾಡಿದ್ದ ತಾತ ಕುರ್ಚಿಯಲ್ಲೇ ತಿರುಗಿದರು. ನಾವು ಕಿವಿಯ ಹತ್ತಿರ ಕೂಗಿದರೂ ಕೇಳದವರು. "ಅಯ್ಯೋ ಸಾಮಿ, ಕಿವುಡ ನಂಗೇ ಕೇಳಿಸ್ತು, ನಿಮ್ಗೆ ಕೇಳಿಸ್ಲಿಲ್ವಾ?"

ಎಲ್ಲರೂ ನಕ್ಕರು. ಬ್ಯಾಂಕಿನ ವಕೀಲರೂ ನಕ್ಕು, ಆಮೇಲೆ ಆಕ್ಷೇಪಣೆ ಎಂದರು. "ಆಕೆ ಹೇಳಿದ ಮೇಲೆ ಇವರು ಮಾತಾಡಿದ್ದಾರೆ, ಹೇಳಿಕೊಟ್ಟಿಲ್ಲ" ಎಂದು ನ್ಯಾಯಾಧಿಕಾರಿ ತಾವು ಕೇಳಿದ ಹೆಸರನ್ನು ತಾವೇ ಬರೆಸಿದರು. ತಾತ ಮಾತ್ರ ನಗಲಿಲ್ಲ. ಮತ್ತೆ ಗೋಡೆಯ ಕಡೆ ತಿರುಗಿ, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಹೊರಗೆ ಬೇವಿನ ಮರದ ಕೆಳಗೆ ನನ್ನ ಕೈಹಿಡಿದು, "ನಮ್ಮನೇಲಿ ಹೆಣ್ಣುದನೀಲಿ ಆ ಹೆಸ್ರು ಕೇಳಿದ್ದು ಇದೇ ಮೊದ್ಲು ಕಣಮ್ಮ. ನಮ್ಮಮ್ಮನೂ ಅಂದೋಳಲ್ಲ. ಯಾರೋ ನಂಗೆ ಈಗ ಹೆಸರಿಟ್ಟಂಗಾಯ್ತು" ಎಂದರು. ಅವ್ವ ಆಟೋದಲ್ಲಿ ಕೂತು ಗಂಡನ ಎದೆಯನ್ನೇ ದಿಟ್ಟಿಸುತ್ತಿದ್ದರು, ಅದು ಏರಿಳಿಯುತ್ತಿದೆಯೇ ಎಂದು.

ವರದಿ ಹೈಕೋರ್ಟು ಸೇರಿತು. ಅಫಿಡವಿಟ್ಟುಗಳು ನಕಲಿಯೆಂಬ ವಾದ ಅಲ್ಲಿಗೆ ನಿಂತಿತು. ಸಹಕಾರ ಇಲಾಖೆಯ ವಿಚಾರಣೆ ಶುರುವಾಗಬೇಕು, ಅದು ಮುಗಿಯುವವರೆಗೆ ಬ್ಯಾಂಕನ್ನು ಆಡಳಿತಾಧಿಕಾರಿಯೊಬ್ಬರು ನೋಡಿಕೊಳ್ಳಬೇಕು, ಚಿಕಿತ್ಸೆಗೆ ಹಣ ಬೇಕಾದವರ ಅರ್ಜಿಗಳನ್ನು ಮೊದಲು ತೆಗೆದುಕೊಳ್ಳಬೇಕು ಎಂದು ಮಧ್ಯಂತರ ಆದೇಶವಾಯಿತು. ಮುಖ್ಯ ಕೇಸು ಇನ್ನೂ ನಡೆಯುತ್ತಿದೆ. ಯಾರು ಎಷ್ಟು ತಪ್ಪು ಮಾಡಿದ್ದಾರೆ ಎಂಬುದು ವಿಚಾರಣೆಯಲ್ಲಿ ತಿಳಿಯಬೇಕು, ನಾನು ಇಲ್ಲಿ ತೀರ್ಪು ಕೊಡುವುದು ತರವಲ್ಲ.

ಅದಾದ ಮೇಲೆ ಒಂದು ದಿನ ಕಲ್ಯಾಣದುರ್ಗದ ಶಾಖೆಗೆ ಅವ್ವ, ತಾತ ಇಬ್ಬರನ್ನೂ ಕರೆದುಕೊಂಡು ಹೋದೆ. ಆಸ್ಪತ್ರೆಯವರು ಕೊಟ್ಟ ಕಾಗದ ಅವ್ವನ ಕೈಯಲ್ಲಿತ್ತು. ಕೌಂಟರಿನಲ್ಲಿ ಕೂತಿದ್ದವರು ಊರಿಗೆ ಹೊಸಬರು. ಕಾಗದ ನೋಡಿ, ಕಂಪ್ಯೂಟರಿನ ಕಡೆ ತಿರುಗಿ, "ಭರ್ತ ಪೇರು?" ಎಂದರು.

ಅವ್ವ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. "ಇಲ್ಲೇನು ಜಡ್ಜಿ ಇಲ್ಲವಲ್ಲ. ನೀನೇ ಹೇಳಮ್ಮ."

ನಾನು ಬಾಯಿ ತೆರೆಯುವಷ್ಟರಲ್ಲಿ ತಾತ ನನ್ನ ಮೊಣಕೈ ಹಿಡಿದು ಹಿಂದಕ್ಕೆ ಎಳೆದರು. "ನೀನು ಸುಮ್ನಿರಮ್ಮ" ಎಂದರು. ಆಮೇಲೆ ಕೌಂಟರಿಗೆ ಒರಗಿ, ಮಂದವಾದ ಕಿವಿಯನ್ನು ಹೆಂಡತಿಯ ಕಡೆ ಹಿಡಿದು ನಿಂತರು.

ಅವ್ವ ಸುತ್ತಲೂ ಒಮ್ಮೆ ನೋಡಿದರು. ಸೆರಗು ಸರಿಮಾಡಿಕೊಂಡರು. ಆಮೇಲೆ ಹೇಳಿದರು.